ಅಂಜಿಕೆಯ ಬಟ್ಟಲು

ನಿಂಬೆಹಣ್ಣಿನ ಸಿಪ್ಪೆಗೆ ಒಲೆಯ ಬೂದಿ ಹಚ್ಚಿ ಹಿತ್ತಾಳೆಯನ್ನು ಉಜ್ಜಿದರೆ ಒಂದು ವಾಸನೆ ಏಳುತ್ತದೆ. ಹುಳಿ, ಲೋಹ, ಸ್ವಲ್ಪ ಹೊಗೆ. ನನಗೆ ಆರು ವರ್ಷವಿದ್ದಾಗ, ಸಾವಿರದೊಂಬೈನೂರ ಐವತ್ತಾರರ ಯುದ್ಧದ ಚಳಿಗಾಲದಲ್ಲಿ, ಆ ವಾಸನೆಯೊಳಗೆ ಮೂಗು ಅದ್ದಿ ನೀರು ಕುಡಿದಿದ್ದೆ. ಗಾಜಾ ಪಟ್ಟಣದ ಝೈತೂನ್ ಕೇರಿಯಲ್ಲಿ ನಮ್ಮ ಮನೆ. ಬೀದಿಯಲ್ಲಿ ಸೈನಿಕರ ಬೂಟುಗಳ ಸದ್ದು ಕೇಳಿದರೆ ಸಾಕು, ಹಿಟ್ಟಿನ ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಎಳೆದುಕೊಳ್ಳುತ್ತಿದ್ದೆ. ಸದ್ದು ಹೋದಮೇಲೂ ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಅಮ್ಮ ಪಕ್ಕದ ಬೀದಿಯ ಮನೆಯೊಂದರಿಂದ ಅಂಜಿಕೆಯ ಬಟ್ಟಲನ್ನು ಕಡ ತಂದಳು.

ಅಂಗೈಯಗಲದ ಹಿತ್ತಾಳೆ ಬಟ್ಟಲು. ಒಳಗೆಲ್ಲ ಕುರಾನಿನ ಸಾಲುಗಳನ್ನು ಕೊರೆದಿರುತ್ತದೆ. ಅಂಚಿಗೆ ಪುಟ್ಟ ಪುಟ್ಟ ಹಿತ್ತಾಳೆ ಎಲೆಗಳು ತೂಗುತ್ತಿರುತ್ತವೆ. ಸಂಜೆ ಅದಕ್ಕೆ ನೀರು ತುಂಬಿ, ಒಂದು ಖರ್ಜೂರ ಹಾಕಿ, ಬಯಲಲ್ಲಿ ನಕ್ಷತ್ರಗಳ ಕೆಳಗಿಟ್ಟು, ಬೆಳಗ್ಗೆ ಬಿಸಿಲು ಮುಟ್ಟುವ ಮೊದಲು ಹೆದರಿದವರಿಗೆ ಕುಡಿಸಬೇಕು. ಒಂದು ಕೇರಿಗೆ ಒಂದು ಬಟ್ಟಲಿದ್ದರೆ ಹೆಚ್ಚು. ಅದು ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ. ಕೊಟ್ಟವರು ವಾಪಸು ಕೇಳುವಂತಿಲ್ಲ. ತಂದವರು ಖಾಲಿ ಬಟ್ಟಲನ್ನು ಮರಳಿಸುವಂತಿಲ್ಲ. ಅಮ್ಮ ಮರಳಿಸುವಾಗ ಅದರೊಳಗೆ ಒಂದು ಹಿಡಿ ಬಾದಾಮಿ ಹಾಕಿದ್ದು ನೆನಪಿದೆ. ನನ್ನ ಅಂಜಿಕೆ ಹೋಯಿತೋ ಇಲ್ಲವೋ ನೆನಪಿಲ್ಲ. ವಾಸನೆ ಮಾತ್ರ ಉಳಿದಿದೆ.

ಮುಂದೆ ಕೈರೋಗೆ ಹೋಗಿ ಮನಃಶಾಸ್ತ್ರ ಓದಿದೆ. ಅಲ್ಲಿ ಈ ಬಟ್ಟಲಿನ ಬಗ್ಗೆ ನಗೆಯಾಡಿ ಒಂದು ಪ್ರಬಂಧ ಬರೆದೆ. ಒಳ್ಳೆಯ ಅಂಕವೂ ಬಂತು. ಊರಿಗೆ ಬಂದು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿದ್ದೆ. ಯಾವ ತರಗತಿಯಲ್ಲಿ ಯಾರು ಅತ್ತರೂ ನನ್ನ ಕೋಣೆಗೇ ಕಳಿಸುತ್ತಿದ್ದರು. ಈಗ ನನಗೆ ಎಪ್ಪತ್ತನಾಲ್ಕು. ದೇರ್ ಅಲ್-ಬಲಹ್‌ನ ಆಚೆ, ಸಮುದ್ರದ ಕಡೆಯ ಮರಳಿನಲ್ಲಿ ಈ ಯುದ್ಧದಲ್ಲಿ ಮನೆ ಬಿಟ್ಟು ಬಂದವರ ಸಾವಿರಾರು ಗುಡಾರಗಳ ನಡುವೆ ನನ್ನದೂ ಒಂದಿದೆ. ಮಕ್ಕಳು ನನ್ನನ್ನು ಇನ್ನೂ ಮಿಸ್ ಸಮೀಹಾ ಎಂದೇ ಕರೆಯುತ್ತಾರೆ.

ದಿನಾ ಬೆಳಗ್ಗೆ ಒಂದು ಟಾರ್ಪಾಲಿನ ನೆರಳಲ್ಲಿ ಇಪ್ಪತ್ತು ಮೂವತ್ತು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಹಿಟ್ಟಿನ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಕೊಟ್ಟರೆ ಅದರ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಾರೆ. ತಲೆಯ ಮೇಲೆ ಡ್ರೋನ್ ಗುಂಯ್‌ಗುಡುತ್ತಲೇ ಇರುತ್ತದೆ. ಅದರ ಸದ್ದು ದಪ್ಪಗಾದರೆ ಕೆಳಗಿಳಿದಿದೆ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಹಾಗಾದಾಗ ನಾವು ಚಹಾ ಕುಡಿಯುತ್ತೇವೆ.

"ಲೋಟ ಹಿಡ್ಕೊಳ್ಳಿ," ಎನ್ನುತ್ತೇನೆ. ಎಲ್ಲರೂ ಬರಿಗೈಯನ್ನು ಬೊಗಸೆ ಮಾಡುತ್ತಾರೆ. "ತುಂಬಾ ಬಿಸಿ ಇದೆ. ಮೊದಲು ವಾಸನೆ ನೋಡಿ. ಈಗ ಮೆಲ್ಲಗೆ ಊದಿ. ಜೋರಾಗಿ ಊದಿದ್ರೆ ಚೆಲ್ಲುತ್ತೆ."

"ಸಕ್ಕರೆ ಹಾಕಿದ್ದೀರಾ ಮಿಸ್?"

"ಮೂರು ಚಮಚ."

"ಸುಳ್ಳು! ಮಿಸ್ ಹತ್ರ ಸಕ್ಕರೆ ಎಲ್ಲಿದೆ?"

"ಚಹಾ ಇದೆ ಅಂತ ನಂಬಿದೋಳು ಸಕ್ಕರೆ ಇಲ್ಲ ಅಂತೀಯಲ್ಲೇ!"

ನಗುತ್ತಾರೆ, ಊದುತ್ತಾರೆ. ಹತ್ತು ಸಲ ಊದುವಷ್ಟರಲ್ಲಿ ಭುಜಗಳು ಇಳಿಯುತ್ತವೆ. ನಾನೂ ಊದುತ್ತೇನೆ. ನನ್ನ ಕೈ ನಡುಗುವುದು ಕಾಣದಿರಲಿ ಎಂದು ಶಾಲಿನೊಳಗೆ ಇಟ್ಟುಕೊಂಡು ಊದುತ್ತೇನೆ.

ವಿಸಾಲ್ ಬಂದದ್ದು ಬೇಸಿಗೆಯ ಕೊನೆಗೆ, ಅವಳ ಅಜ್ಜಿ ಫಿಕ್ರಿಯಾಳ ಜೊತೆ. ಏಳು ವರ್ಷದವಳು. ಅವಳ ಗಾಯಗೊಂಡ ಪುಟ್ಟ ತಮ್ಮನನ್ನು ಕರೆದುಕೊಂಡು ತಾಯಿ ಆಂಬುಲೆನ್ಸಿನಲ್ಲಿ ಈಜಿಪ್ಟಿಗೆ ದಾಟಿದ ಮೇಲೆ ಗಡಿಯ ಬಾಗಿಲು ಮುಚ್ಚಿತ್ತು. ತಂದೆಯ ಮಾತನ್ನು ಅಜ್ಜಿ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಡ್ರೋನ್ ಇಳಿದಾಗಲೆಲ್ಲ ಹುಡುಗಿ ಎರಡೂ ಕೈಯನ್ನು ಅಜ್ಜಿಯ ನಿಲುವಂಗಿಯ ತೋಳೊಳಗೆ ಮೊಣಕೈವರೆಗೆ ತೂರಿಸಿಬಿಡುತ್ತಿದ್ದಳು. ಆಕಾಶ ಕಾಣುವ ಕಡೆ ಬರುತ್ತಿರಲಿಲ್ಲ. ಶೌಚಕ್ಕೆ ಹೋಗಬೇಕಾದರೂ ತಲೆಯ ಮೇಲೆ ಕಂಬಳಿ.

ಫಿಕ್ರಿಯಾ ಅಕ್ಷರ ಕಲಿತವಳಲ್ಲ. ನಾಲಿಗೆ ಮಾತ್ರ ಬಹಳ ಚುರುಕು. ಒಂದು ಸಂಜೆ ನನ್ನ ಗುಡಾರಕ್ಕೆ ಬಂದು ಹೇಳಿದಳು: "ಮಿಸ್, ನಿಮ್ಮ ಗಾಳಿ ಚಹಾ ಕುಡಿದು ಕುಡಿದು ನನ್ನ ಮೊಮ್ಮಗಳಿಗೆ ಹೊಟ್ಟೆ ಉಬ್ಬರಿಸಿದೆ. ಅಂಜಿಕೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ." ಹಾಗೆಂದು ಎದೆಯ ಬಳಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. "ಮನೆ ಬಿಡುವಾಗ ಒಲೆ ಬಿಟ್ಟೆ, ಹಾಸಿಗೆ ಬಿಟ್ಟೆ, ಮಗನ ಮದುವೆ ಫೋಟೋ ಗೋಡೆ ಮೇಲೇ ಬಿಟ್ಟೆ. ಇದು ಹೇಗೆ ಕೈಗೆ ಬಂತೋ ದೇವರಿಗೇ ಗೊತ್ತು."

ಗಂಟು ಬಿಚ್ಚುವ ಮೊದಲೇ ನನಗೆ ವಾಸನೆ ಬಂತು.

"ಉಜ್ಜೋಕೆ ನಿಂಬೆ ಎಲ್ಲಿ ಸಿಕ್ತು ಹಾಜ್ಜಾ?" ಹಿರಿಯ ಹೆಂಗಸರನ್ನು ನಾವು ಹಾಗೆಯೇ ಕರೆಯುವುದು.

"ಗಂಜಿಕೇಂದ್ರದೋನ ಹತ್ರ ಬೈಸಿಕೊಂಡು ತಂದೆ. ಹಿಂಡಿ ಬಿಸಾಡಿದ್ದ ಸಿಪ್ಪೆ. ಏನು, ಇಡ್ಲಾ ಬೇಡ್ವಾ? ನೀವು ಓದಿದೋರು, ನಗ್ತೀರಿ."

ನಾನು ನಗಲಿಲ್ಲ. ಬೇಡ ಎನ್ನಲೂ ಇಲ್ಲ. ಅಜ್ಜಿ ತನ್ನ ಪಾಲಿನ ಕುಡಿಯುವ ನೀರನ್ನು ಮೊಮ್ಮಗಳಿಗಾಗಿ ಎತ್ತಿಡುವುದು, ಮೊಮ್ಮಗಳು ಅದನ್ನು ಕಾಯುವುದು, ಇದರಲ್ಲಿ ಒಳ್ಳೆಯದೇ ಇದೆ ಎನಿಸಿತು. "ಇಡಿ ಹಾಜ್ಜಾ," ಎಂದೆ. ಆಮೇಲೆ ನಡೆದದ್ದರಲ್ಲಿ ನನ್ನ ಆ ಮಾತಿನ ಪಾಲೂ ಇದೆ.

ಗುಡಾರದ ಹೊರಗೆ ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಬಟ್ಟಲಿಟ್ಟಳು. ಬೆಳಗ್ಗೆ ಬಿಸಿಲು ಬರುವ ಮೊದಲು ಎತ್ತಿಕೊಳ್ಳುವುದೆಂದಿತ್ತು. ಆದರೆ ನಸುಕಿನಲ್ಲೇ ನೀರಿನ ಲಾರಿ ಬರುತ್ತದೆಂದು ಯಾರೋ ಹೇಳಿದರು. ಫಿಕ್ರಿಯಾ ಕ್ಯಾನು ಹಿಡಿದು ಓಡಿದಳು. ಲಾರಿ ತಡವಾಯಿತು. ಸರದಿ ಬಿಟ್ಟು ಬಂದರೆ ಆ ದಿನದ ನೀರಿಲ್ಲ. ಇತ್ತ ಸೂರ್ಯ ಹುಟ್ಟಿ, ನಿಂಬೆಯಲ್ಲಿ ಉಜ್ಜಿದ ಹಿತ್ತಾಳೆಯ ಮೇಲೆ ಬಿಸಿಲು ನೇರ ಬಿತ್ತು. ಬೂದುಬಣ್ಣದ ಆ ಗುಡಾರಗಳ ನಡುವೆ ಬಟ್ಟಲು ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಡ್ರೋನಿನ ಸದ್ದು ದಪ್ಪಗಾಯಿತು.

"ಯಾರದು ಇದು? ಯಾರು ಇಲ್ಲಿ ಕನ್ನಡಿ ಇಟ್ಟೋರು?"

ಆ ದನಿ ಕೇಳದವರಿಲ್ಲ. ಪಕ್ಕದ ಗುಡಾರದ ಅಬು ಶಫೀಕ್. ಯುದ್ಧಕ್ಕೆ ಮೊದಲು ಶಾಲಾ ವ್ಯಾನ್ ಓಡಿಸುತ್ತಿದ್ದವನು. ಹಿಂದಿನ ಸೀಟಿನ ಜಗಳವನ್ನು ಮುಂದಿನ ಸೀಟಿನಿಂದಲೇ ನಿಲ್ಲಿಸುವ ಗಂಟಲು. ನಾನು ಹೊರಗೆ ಬರುವಷ್ಟರಲ್ಲಿ ಅವನು ಡ್ರಮ್ಮಿನ ಮುಂದೆ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಗುಡಾರದ ಬಾಗಿಲಲ್ಲಿ ವಿಸಾಲ್, ತಲೆಯ ಮೇಲೆ ಕಂಬಳಿ.

"ನಂದು ಮಾಮ," ಎಂದಳು. "ನನ್ನ ಅಂಜಿಕೆಗೆ."

"ನಿನ್ನ ಅಂಜಿಕೆಗೆ ನಾವೆಲ್ಲ ಸಾಯಬೇಕಾ? ಹೊಳೀತಿರೋದು ಕಾಣಲ್ವಾ? ಇಲ್ಲಿದ್ದೀವಿ ಬಾ ಅಂತ ಕರೀತಿದ್ದೀಯ ಅದನ್ನ! ನಮ್ಮ ತಲೆ ಮೇಲೆ ತಂದು ಹಾಕ್ತೀಯ!"

"ಅಬು ಶಫೀಕ್, ಸಾಕು," ಎಂದೆ. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಬಟ್ಟಲನ್ನು ಎದೆಗವಚಿಕೊಂಡು ತನ್ನ ಗುಡಾರದೊಳಗೆ ನುಗ್ಗಿದ. ಸ್ವಲ್ಪ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದ. "ನೀರು ಚೆಲ್ಲಿಬಿಟ್ಟೆ. ಬಟ್ಟಲು ನನ್ನ ಹತ್ರ ಇರುತ್ತೆ. ಯಾರೂ ಕೇಳೋಕೆ ಬರಬೇಡಿ."

ಒಂದು ಗಂಟೆಯೂ ಆಗಿರಲಿಲ್ಲ. ಎರಡು ಸಾಲು ಆಚೆ ಬಾಂಬು ಬಿತ್ತು. ಮೊದಲು ಕಿವಿಯೊಳಗಿಂದ ಗಾಳಿಯನ್ನು ಯಾರೋ ಎಳೆದುಕೊಂಡಂತಾಯಿತು, ಆಮೇಲೆ ಸದ್ದು. ಎದ್ದು ನಿಲ್ಲುವಾಗ ನನ್ನ ಬಾಯಿ ತುಂಬ ಮರಳು. ಮೂರು ಗುಡಾರ ಉರಿದವು. ಯಾರ್ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬೆಂಕಿಗೆ ಮರಳು ಎರಚುತ್ತಿದ್ದವರ ಮುಂದಿನ ಸಾಲಿನಲ್ಲಿ ಅಬು ಶಫೀಕ್ ಇದ್ದ.

ಅವತ್ತಿನಿಂದ ವಿಸಾಲ್ ಬಾಯಿ ಬಿಡಲಿಲ್ಲ. ಮಾತಿಗೂ ಇಲ್ಲ, ಊಟಕ್ಕೂ ಇಲ್ಲ. ಬಾಟಲಿಯ ಮುಚ್ಚಳದಲ್ಲಿ ನೀರು ಕೊಟ್ಟರೆ ಒಂದೆರಡು ಮುಚ್ಚಳ ಕುಡಿಯುತ್ತಿದ್ದಳು, ಅಷ್ಟೇ. ಫಿಕ್ರಿಯಾ ರೊಟ್ಟಿಯನ್ನು ಅಗಿದು ಹಕ್ಕಿಗೆ ಕೊಡುವಂತೆ ಕೊಡಲು ನೋಡಿದಳು. ಹುಡುಗಿ ತುಟಿಗಳನ್ನು ಒಳಕ್ಕೆಳೆದು ಹಲ್ಲಿನಿಂದ ಕಚ್ಚಿ ಹಿಡಿದಳು. ಸುತ್ತಲಿನವರು ತಮ್ಮಲ್ಲಿದ್ದುದನ್ನು ತಂದರು. ಒಬ್ಬಾಕೆ ಮಗುವಿಗೆಂದು ಇಟ್ಟಿದ್ದ ಕೊನೆಯ ಬಿಸ್ಕತ್ತನ್ನು ಎರಡು ತುಂಡು ಮಾಡಿ ಒಂದನ್ನು ಫಿಕ್ರಿಯಾಳ ಚಾಪೆಯ ಮೇಲಿಟ್ಟು, ಹೆಸರೂ ಹೇಳದೆ ಹೋದಳು. ಬಿಸ್ಕತ್ತು ಅಲ್ಲೇ ಇತ್ತು.

ಮೂರನೆಯ ದಿನ ವೈದ್ಯರ ಗುಡಾರದ ನರ್ಸ್ ಬಂದು ಹುಡುಗಿಯ ಕೈಯ ಚರ್ಮವನ್ನು ಚಿವುಟಿ ನೋಡಿದಳು. ಚರ್ಮ ಎದ್ದು ಹಾಗೇ ನಿಂತಿತು. "ನಾಳೆ ಮಧ್ಯಾಹ್ನದವರೆಗೆ ನೋಡಿ. ಏನೂ ತಿನ್ನದೆ ಹೋದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು," ಎಂದಳು. ಆಸ್ಪತ್ರೆಗೆ ಕತ್ತೆಗಾಡಿಯಲ್ಲಿ ಸಮುದ್ರದ ರಸ್ತೆ ಹಿಡಿಯಬೇಕು. ಆ ರಸ್ತೆಯ ಮೇಲೆ ಹಿಂದಿನ ದಿನವೇ ಬಿದ್ದಿತ್ತು. ಅಷ್ಟು ದೂರ ಬಯಲು ಆಕಾಶದ ಕೆಳಗೆ ಈ ಮಗುವನ್ನು ಹೇಗೆ ಒಯ್ಯುವುದು?

ನಾನು ರಟ್ಟಿನ ತುಂಡೊಂದನ್ನು, ಇದ್ದಿಲನ್ನು ಅವಳ ಪಕ್ಕದಲ್ಲಿಟ್ಟು ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳ ಕೈ ಹೊರಗೆ ಬಂತು. ಒಂದು ದುಂಡು ಬರೆದಳು. ಸುತ್ತ ಚಿಕ್ಕ ಚಿಕ್ಕ ಗೆರೆ. ಸೂರ್ಯ ಎಂದುಕೊಂಡು ಸಂತೋಷಪಟ್ಟೆ. ಆದರೆ ಆ ಗೆರೆಗಳ ತುದಿಗೆ ಎಲೆಗಳಿದ್ದವು. ದುಂಡಿನಿಂದ ಒಂದು ಗೆರೆ ಮೇಲಕ್ಕೆ ಹೋಯಿತು. ಅಲ್ಲಿ ರೆಕ್ಕೆಗಳಿರುವ ಒಂದು ಯಂತ್ರ. ಅಲ್ಲಿಂದ ಇನ್ನೊಂದು ಗೆರೆ ಕೆಳಗೆ, ಮೂರು ಗುಡಾರಗಳ ಮೇಲೆ. ಆಮೇಲೆ ಅಂಗೈಯಿಂದ ಇಡೀ ಚಿತ್ರವನ್ನು ಒರೆಸಿ ಕಪ್ಪು ಮಾಡಿದಳು.

ಬಾಯಿ ಏಕೆ ಮುಚ್ಚಿಕೊಂಡಿದ್ದಾಳೆಂದು ಆಗ ತಿಳಿಯಿತು. "ನನ್ನ ಅಂಜಿಕೆಗೆ" ಎಂದು ಬಾಯಿಬಿಟ್ಟು ಹೇಳಿದ್ದಳು, ಆ ಕರೆಗೇ ಬಾಂಬು ಬಂತೆಂದು ನಂಬಿದ್ದಳು.

"ನಿನ್ನಿಂದ ಆಗಿದ್ದಲ್ಲ ಮಗಳೇ," ಎಂದೆ. ಅವಳು ನನ್ನನ್ನು ನೋಡಿದಳು. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿದ್ದೇನೆ ಎಂದಾಗ ಮಕ್ಕಳು ನೋಡುವ ನೋಟ ಅದು.

ಎದ್ದು ಅಬು ಶಫೀಕನ ಗುಡಾರಕ್ಕೆ ಹೋದೆ. ಅವನು ಹರಿದ ಚಪ್ಪಲಿಗೆ ತಂತಿ ಹಾಕಿ ಹೊಲಿಯುತ್ತಿದ್ದ.

"ಬನ್ನಿ ಮಿಸ್. ನಂಗೂ ಗಾಳಿ ಚಹಾ ಕುಡಿಸೋಕೆ ಬಂದ್ರಾ?"

"ಕುಡಿಯೋದಾದ್ರೆ ಬೇಡ ಅನ್ನಲ್ಲ."

"ನಂಗೆ ಸಕ್ಕರೆ ಕಾಯಿಲೆ. ಮೂರು ಚಮಚ ಹಾಕ್ತೀರಂತೆ ನೀವು." ನಕ್ಕ. ನಾನು ನಗದಿದ್ದುದನ್ನು ನೋಡಿ ಚಪ್ಪಲಿಯ ಕಡೆ ತಿರುಗಿದ.

"ಹುಡುಗಿ ಊಟ ಬಿಟ್ಟು ಮೂರು ದಿನ ಆಯ್ತು."

"ಗೊತ್ತು. ನಾನೇನು ಮಾಡ್ಲಿ? ನಾನೇನು ಅಡುಗೆಯೋನಾ?"

"ತಾನೇ ಅದನ್ನ ಕರೆದು ತಂದೆ ಅಂತ ತಿಳ್ಕೊಂಡಿದ್ದಾಳೆ. ಹಾಗಂತ ಅವಳಿಗೆ ಹೇಳಿದ್ದು ನೀವು."

"ಕೋಪದಲ್ಲಿ ನೂರು ಮಾತು ಬರುತ್ತೆ ಮಿಸ್. ವ್ಯಾನ್ ತುಂಬ ಮಕ್ಕಳನ್ನ ಹಾಕ್ಕೊಂಡು ಓಡಾಡಿದೋನು ನಾನು. ಕಿರುಚದೆ ಇದ್ದಿದ್ರೆ ಸ್ಟೇರಿಂಗ್ ಮೇಲೆ ಹತ್ತಿ ಕೂರ್ತಿದ್ವು."

"ಆವತ್ತು ಕೋಪ ಬಂದಿತ್ತಾ?"

ಅವನು ತಂತಿಯನ್ನು ಬಿಗಿಯಾಗಿ ಎಳೆದ. ಅಷ್ಟರಲ್ಲಿ ಮೇಲಿನ ಸದ್ದು ದಪ್ಪಗಾಯಿತು. ಇನ್ನೂ ದಪ್ಪಗಾಯಿತು. ಬಟ್ಟೆಯ ಗುಡಾರದ ಕೆಳಗೆ ನಾವಿಬ್ಬರು ಮುದುಕರು ಒಬ್ಬರ ಪಾದವನ್ನೊಬ್ಬರು ನೋಡುತ್ತ ಕುಳಿತೆವು. ಮುಖ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವನ ಕೈ ಗುಡಾರದ ಕಂಬವನ್ನು ಹಿಡಿದಿತ್ತು. ಇಡೀ ಗುಡಾರ ಸಣ್ಣಗೆ ಅದುರುತ್ತಿತ್ತು. ಸದ್ದು ಸಮುದ್ರದ ಕಡೆ ಸರಿಯಿತು. ನಾನು ಉಸಿರು ಬಿಟ್ಟೆ. ಅವನು ಕಂಬ ಬಿಡಲಿಲ್ಲ.

"ಶಫೀಕ ಫೋನ್ ಎತ್ತಿ ಇಪ್ಪತ್ತೆರಡು ದಿನ ಆಯ್ತು," ಎಂದ. ಅವನ ಒಬ್ಬನೇ ಮಗ ಗಾಜಾದ ಉತ್ತರ ಭಾಗದಲ್ಲೇ ಉಳಿದಿದ್ದ.

"ನೀವೇ ಹೇಳ್ಬಿಡಿ ಮಿಸ್," ಎಂದ ಆಮೇಲೆ. "ಓದಿದೋರು. ಅಬು ಶಫೀಕ್ ಅಂದಿದ್ದು ಸುಳ್ಳು ಅಂತ."

"ಹೇಳ್ದೆ. ಸಮಾಧಾನದ ಮಾತು ಹೇಳೋದೇ ನನ್ನ ಕೆಲಸ ಅಂತ ಅವಳಿಗೆ ಗೊತ್ತು. ನೀವು ಹೇಳಿದ್ದನ್ನ ನಂಬಿದ್ದಾಳೆ. ಇನ್ನು ನೀವು ಹೇಳಿದ್ರೇನೇ ನಂಬೋದು."

"ಏನಂತ ಹೇಳ್ಲಿ?"

"ನಿಜ ಏನಿತ್ತೋ ಅದನ್ನ."

"ಏಳು ವರ್ಷದ ಹುಡುಗಿ ಮುಂದೆ? ಆ ಎಲ್ಲ ಮಕ್ಕಳ ಮುಂದೆ?" ಅವನು ಮತ್ತೆ ಚಪ್ಪಲಿ ತೆಗೆದುಕೊಂಡ. "ಹೋಗಿ ಮಿಸ್. ಬಿಸಿಲು ಏರ್ತಿದೆ."

ಹೊರಡುವಾಗ ಅವನ ಹಾಸಿಗೆಯ ಅಂಚಿನಲ್ಲಿ ಒಂದು ಹಿತ್ತಾಳೆ ಎಲೆ ಇಣುಕುತ್ತಿದ್ದುದು ಕಂಡಿತು. ನಾನು ಕೇಳಲಿಲ್ಲ. ಫಿಕ್ರಿಯಾಳೂ ಈ ಮೂರು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಾನಾಗಿ ಕೊಟ್ಟದ್ದಲ್ಲದಿದ್ದರೂ ಬಟ್ಟಲು ಇನ್ನೊಬ್ಬರ ಮನೆಗೆ ಹೋಗಿದೆ, ಅಷ್ಟೇ, ಎಂದಿದ್ದಳು. "ಬೇಕಾದೋರ ಹತ್ರ ಹೋಗಿರುತ್ತೆ ಬಿಡಿ."

ಮರುದಿನ ಕತ್ತೆಗಾಡಿ ಗೊತ್ತುಮಾಡಿದೆವು. ಅದು ಬರುವವರೆಗೆ ವಿಸಾಲಳನ್ನು ಟಾರ್ಪಾಲಿನ ಕೆಳಗೆ ತಂದು ಮಲಗಿಸಿಕೊಂಡೆವು; ನಾಲ್ಕು ಮಕ್ಕಳ ನಡುವೆ ಇರಲಿ ಎಂದು. ತಲೆ ಅಜ್ಜಿಯ ತೊಡೆಯ ಮೇಲೆ, ಮೈಮೇಲೆ ಕಂಬಳಿ. ಫಿಕ್ರಿಯಾ ಚುರುಕು ನಾಲಿಗೆಯನ್ನು ಎಲ್ಲೋ ಬಿಟ್ಟು ಬಂದವಳಂತೆ ಕುಳಿತಿದ್ದಳು. ಡ್ರೋನ್ ಬೆಳಗಿನಿಂದ ಸುತ್ತುತ್ತಿತ್ತು. ನಾವು ಚಹಾ ಊದುತ್ತಿದ್ದೆವು. ಯಾರೂ ಸಕ್ಕರೆ ಕೇಳಲಿಲ್ಲ.

ಟಾರ್ಪಾಲಿನ ಅಂಚಿನಲ್ಲಿ ನೆರಳು ಬಿತ್ತು. ಅಬು ಶಫೀಕ್. ನಸುಕಿನಿಂದ ಗಂಜಿಕೇಂದ್ರದ ಸಾಲಿನಲ್ಲಿ ನಿಂತವನ ಬೆವರು. ಅಂಗಿಯೊಳಗೆ ಏನನ್ನೋ ಮುಚ್ಚಿ ಹಿಡಿದಿದ್ದ. ಮಕ್ಕಳು ಹೆದರಿ ಜರುಗಿ ಜಾಗ ಬಿಟ್ಟರು. ಆ ದೊಡ್ಡ ಮೈಯನ್ನು ಮಡಚಿ ಮರಳಿನ ಮೇಲೆ ಕುಳಿತ. ಯಾರ ಕಡೆಯೂ ನೋಡಲಿಲ್ಲ.

"ವಿಸಾಲ್," ಎಂದ. ಅವನಿಗೆ ಇಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಆವತ್ತು ನಾನು ಕಿರುಚಿದ್ನಲ್ಲ. ಅದು ಕೋಪ ಅಲ್ಲ. ನಂಗೆ ಹೆದರಿಕೆ ಆಗಿತ್ತು. ಅದಕ್ಕೇ ಕಿರುಚಿದೆ."

ಕಂಬಳಿ ಅಲುಗಲಿಲ್ಲ.

"ಅಲ್ಲಿ ಬಿದ್ದ ಕಡೆ ಯಾವ ಬಟ್ಟಲೂ ಇರ್ಲಿಲ್ಲ. ನಾನೇ ಮರಳು ಅಗೆದಿದ್ದೀನಿ, ನೋಡಿದ್ದೀನಿ. ಹೊಳಿಯೋದು ಒಂದೂ ಇರ್ಲಿಲ್ಲ. ಆದ್ರೂ ಬಿತ್ತು. ನಿನ್ನ ಬಟ್ಟಲು ನಮ್ಮ ಕಡೆ ಇತ್ತು, ಇಲ್ಲಿ ಬೀಳ್ಲಿಲ್ಲ. ಅದು ಯಾರು ಕರೆದ್ರೂ ಬರಲ್ಲ, ಯಾರು ಬೇಡ ಅಂದ್ರೂ ನಿಲ್ಲಲ್ಲ. ನಾನು ಅಂದಿದ್ದು ಸುಳ್ಳು."

ಬೆರಳಿನಿಂದ ಮರಳು ಕೆದಕಿದ. ಕುತ್ತಿಗೆ ಕೆಂಪಾಯಿತು.

"ಇನ್ನೊಂದು ಸುಳ್ಳು ಇದೆ. ನೀರು ಚೆಲ್ಲಿದೆ ಅಂದ್ನಲ್ಲ... ಚೆಲ್ಲಿಲ್ಲ. ಒಳಗೆ ಹೋಗಿ ಕುಡಿದುಬಿಟ್ಟೆ."

ಫಿಕ್ರಿಯಾ ತಲೆ ಎತ್ತಿದಳು. "ಏನಂದೆ?"

"ಕುಡಿದೆ ಹಾಜ್ಜಾ. ಪೂರ್ತಿ. ಖರ್ಜೂರಾನೂ ತಿಂದೆ."

"ಅಯ್ಯೋ ನಾಚಿಕೆಗೆಟ್ಟೋನೇ! ಮಗೂಗೆ ಇಟ್ಟಿದ್ದನ್ನ!"

ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬಳು, "ಬೀಜ ಏನು ಮಾಡಿದ್ರಿ ಮಾಮ?" ಎಂದಳು. "ಜೇಬಲ್ಲಿದೆ," ಎಂದ ಅವನು, ಮತ್ತು ನಿಜವಾಗಿಯೂ ತೆಗೆದು ತೋರಿಸಿದ. ಈಗ ಎಲ್ಲರೂ ನಕ್ಕರು.

ಕಂಬಳಿಯ ಒಂದು ತುದಿ ಎದ್ದಿತು. ಎರಡು ಕಣ್ಣು ಬೀಜವನ್ನು ನೋಡಿದವು, ಆಮೇಲೆ ಅವನನ್ನು. ಒಣಗಿ ಅಂಟಿಕೊಂಡಿದ್ದ ತುಟಿಗಳು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಹೋಯ್ತಾ?" ಎಂದಳು ವಿಸಾಲ್.

ಏನು ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಅವನು ನನ್ನ ಕಡೆ ನೋಡಿದ. ಹೋಯಿತು ಎನ್ನಬಹುದಿತ್ತು. ನಾನಾಗಿದ್ದರೆ ಬಹುಶಃ ಹಾಗೇ ಎನ್ನುತ್ತಿದ್ದೆ.

"ಇಲ್ಲ ಮಗಳೇ," ಎಂದ. "ಇನ್ನೂ ಇದೆ."

ವಿಸಾಲ್ ಯೋಚಿಸಿದಳು. "ನಂಗೂ," ಎಂದಳು.

ಆಗ ಅವನು ಅಂಗಿಯೊಳಗಿಂದ ಕೈ ಹೊರತೆಗೆದ. ಬಟ್ಟಲು. ಅದರ ತುಂಬ ಗಂಜಿಕೇಂದ್ರದ ಕೆಂಪು ಬೇಳೆ. ಅಂಚಿನಲ್ಲಿ ಒಂದು ತುಂಡು ರೊಟ್ಟಿ ಸಿಕ್ಕಿಸಿದ್ದ. ಅವನ ಹತ್ತಿರ ಬೇರೆ ಪಾತ್ರೆ ಇರಲಿಲ್ಲ. ಅವನ ದಿನದ ಪಾಲು ಅಷ್ಟೇ ಎಂದು ನಮಗೆಲ್ಲ ಗೊತ್ತಿತ್ತು.

"ಬರೆದಿರೋ ಅಕ್ಷರದ ಮೇಲೆ ಸಾರು ಹಾಕಿದ್ದಾನೆ ನೋಡಿ ಮಿಸ್," ಎಂದು ಫಿಕ್ರಿಯಾ ಮೂಗೊರೆಸಿಕೊಂಡಳು. "ಬುದ್ಧಿ ಇಲ್ಲ."

"ಖಾಲಿ ಹೇಗೆ ತರ್ಲಿ ಹಾಜ್ಜಾ?"

ಅಷ್ಟರಲ್ಲಿ ಮೇಲಿನ ಸದ್ದು ಮತ್ತೆ ದಪ್ಪಗಾಗತೊಡಗಿತು. ಒಂದೊಂದೇ ತಲೆ ಬಗ್ಗಿತು. ಮಕ್ಕಳು ಚಹಾ ಲೋಟ ಹಿಡಿಯುವುದನ್ನೂ ಮರೆತರು, ನಾನು ನೆನಪಿಸುವುದನ್ನೂ ಮರೆತೆ. ಬಟ್ಟಲು ಹಿಡಿದ ಅವನ ಕೈ ನಡುಗಿ, ಹಿತ್ತಾಳೆ ಎಲೆಗಳೆಲ್ಲ ಕಿಣಿಕಿಣಿ ಎನ್ನತೊಡಗಿದವು. ಅವನು ಕೈಯನ್ನು ಹಿಂದಕ್ಕೆಳೆಯಲಿಲ್ಲ. ಹುಡುಗಿಯ ಕಡೆ ಚಾಚಿಯೇ ಇದ್ದ.

ಕಂಬಳಿಯೊಳಗಿಂದ ಇದ್ದಿಲಿನ ಮಸಿ ಹತ್ತಿದ ಎರಡು ಪುಟ್ಟ ಕೈ ಬಂದು ಬಟ್ಟಲನ್ನು ಎರಡೂ ಕಡೆ ಹಿಡಿದವು. ಎಲೆಗಳ ಸದ್ದು ನಿಂತಿತು. ಬೇಳೆ ಬಿಸಿಯಾಗಿರಲಿಲ್ಲ, ಆದರೂ ವಿಸಾಲ್ ತುಟಿ ಹತ್ತಿರ ತಂದು, ಚೆಲ್ಲದ ಹಾಗೆ, ಮೆಲ್ಲಗೆ ಊದಿದಳು. ಅವಳು ಮೊದಲ ತುತ್ತು ನುಂಗುವವರೆಗೆ ಅಬು ಶಫೀಕ್ ಬಟ್ಟಲಿನ ಕೆಳಗಿಂದ ಕೈ ತೆಗೆಯಲಿಲ್ಲ.